ಪೀಟಿ ಮೇಡಮರ ಕೆಂಪು ಹಣ್ಣಿನ ಡಬ್ಬಿ

ಸೀರೆಯ ನೆರಿಗೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ನಮ್ಮ ಪೀಟಿ ಮೇಡಮರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅದೇ. ಸೀರೆ ಯಾವುದೇ ಇರಲಿ, ಮದುವೆಗೆ ಹೊರಟಿರಲಿ, ಯಾರದೋ ಮಣ್ಣಿಗೆ ಹೊರಟಿರಲಿ, ಕಾಲಲ್ಲಿ ಬೂಟು ಇರಲೇಬೇಕು. ಭಾನುವಾರ ಅದನ್ನು ತೊಳೆದು, ಒದ್ದೆಯಿರುವಾಗಲೇ ಸೀಮೆಸುಣ್ಣ ತಿಕ್ಕಿ ಬಿಸಿಲಿಗಿಡುತ್ತಿದ್ದರು. ಹೀಗಾಗಿ ಸೋಮವಾರ ಅವರು ನಡೆದಲ್ಲೆಲ್ಲ ಬಿಳಿ ಪುಡಿ ಉದುರುತ್ತಿತ್ತು. ಸ್ಟಾಫ್ ರೂಮಿನ ನೆಲ ನೋಡಿಯೇ ಮೇಡಮರು ಬಂದು ಹೋದರೆಂದು ಹೇಳಬಹುದಿತ್ತು. ಕೊರಳಲ್ಲಿ ಎರಡು ದಾರ. ಒಂದರಲ್ಲಿ ಲಿಂಗದ ಕರಡಿಗೆ, ಇನ್ನೊಂದರಲ್ಲಿ ಸೀಟಿ. "ಒಂದು ನನ್ನ ಸಲುವಾಗಿ, ಇನ್ನೊಂದು ನಿಮ್ಮ ಸಲುವಾಗಿ" ಎನ್ನುತ್ತಿದ್ದರು.

ಔರಾದ್ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹೈಸ್ಕೂಲಿಗೆ ನಾನು ಕನ್ನಡ ಶಿಕ್ಷಕಿಯಾಗಿ ಸೇರಿದಾಗ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡನಿಗೆ ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ಕೆಲಸ, ಮನೆ ಬೀದರಿನಲ್ಲಿ. ಬೆಳಿಗ್ಗೆ ಔರಾದ್ ಬಸ್ಸು ಹಿಡಿದರೆ ಜನವಾಡ, ಮಾಂಜ್ರಾ ನದಿಯ ಸೇತುವೆ ದಾಟಿ ಶಾಲೆ ಸೇರುವುದು. ಆ ಬಸ್ಸಿನ ನಡುವಿನ ಸೀಟುಗಳೆಲ್ಲ ನಮ್ಮವೇ. ನಮ್ಮ ಶಾಲೆಯ, ಅಕ್ಕಪಕ್ಕದ ಊರುಗಳ ಶಾಲೆಗಳ ಶಿಕ್ಷಕಿಯರು. ಪೀಟಿ ಮೇಡಮರು ನಮಗೆಲ್ಲ ಹಿರಿಯರು. ಹುಟ್ಟಿದ್ದು ಭಾಲ್ಕಿಯಲ್ಲಿ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಬೀದರಿನಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬರೇ ಇದ್ದರು.

ನಮ್ಮೆಲ್ಲರ ಬ್ಯಾಗಿನಲ್ಲೂ ಒಂದು ನೀರಿನ ಬಾಟಲಿ ಇರುತ್ತಿತ್ತು. ಬೆಳಿಗ್ಗೆ ಕತ್ತಿನವರೆಗೆ ತುಂಬಿಕೊಂಡು ಹೊರಟ ಬಾಟಲಿ ಔರಾದ್ ತಾಲ್ಲೂಕನ್ನು ನೋಡಿಕೊಂಡು ಸಂಜೆ ಹಾಗೆಯೇ ಕತ್ತಿನವರೆಗೆ ತುಂಬಿ ಬೀದರಿಗೆ ವಾಪಸ್ಸು ಬರುತ್ತಿತ್ತು. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಮೊದಲ ವಾರದಲ್ಲೇ ಉಳಿದವರನ್ನು ನೋಡಿ ಕಲಿತೆ. ಏಪ್ರಿಲ್ ಬಿಸಿಲಲ್ಲೂ ನಾವು ನಾಲಿಗೆ ಒದ್ದೆ ಮಾಡಿಕೊಂಡು ಪಾಠ ಹೇಳಿ ಬರುತ್ತಿದ್ದೆವು. ನಮ್ಮ ಹುಡುಗಿಯರೂ ಅಷ್ಟೇ. ನೀರು ಕುಡಿಯದೆ ದಿನ ಕಳೆಯುವುದು ಒಳ್ಳೆಯ ಹೆಣ್ಣುಮಕ್ಕಳ ಲಕ್ಷಣವೆಂದು ನಾವು ಹೆಚ್ಚುಕಡಿಮೆ ನಂಬಿದ್ದೆವು.

ಶಾಲೆಯಲ್ಲಿ ಹೆಂಗಸರಿಗೆಂದು ಕಟ್ಟಿಸಿದ ಪಾಯಖಾನೆ ಇರಲಿಲ್ಲವೆಂದಲ್ಲ. ಇತ್ತು. ಆದರೆ ಅದಕ್ಕೆ ನಲ್ಲಿ ಬರಲಿಲ್ಲ. ನಲ್ಲಿ ಬರುವತನಕ ಸುಮ್ಮನೆ ಯಾಕೆ ಬಿಡಬೇಕೆಂದು ಯಾರೋ ಅದರಲ್ಲಿ ವಾಲಿಬಾಲ್ ನೆಟ್ಟು ಇಟ್ಟರು. ನೆಟ್ಟಿನ ಹಿಂದೆ ಕಂಬ ಬಂತು, ಕಂಬದ ಹಿಂದೆ ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಚೀಲಗಳು ಬಂದವು. ನಾನು ಸೇರುವ ಹೊತ್ತಿಗೆ ಎಲ್ಲರೂ ಅದನ್ನು ಆಟದ ಸಾಮಾನಿನ ಕೋಣೆ ಎಂದೇ ಕರೆಯುತ್ತಿದ್ದರು. ಅದರ ಕೀಲಿ ಪೀಟಿ ಮೇಡಮರ ಸೊಂಟದಲ್ಲಿರುತ್ತಿತ್ತು.

ಒಂದು ದಿನ ಬಸ್ಸು ಜನವಾಡ ದಾಟುತ್ತಿದ್ದಂತೆ ಮೇಡಮರು ಬ್ಯಾಗಿನಿಂದ ಒಂದು ಸ್ಟೀಲಿನ ಡಬ್ಬಿ ತೆಗೆದರು. ಮುಚ್ಚಳ ತೆರೆದರೆ ಒಳಗೆ ಕೆಂಪಗೆ ಹೊಳೆಯುವ ಒಣಹಣ್ಣು.

"ಇದಕ ಕ್ರ್ಯಾನ್‌ಬೆರಿ ಅಂತಾರ. ಅಮೇರಿಕಾದಾಗ ಬೆಳಿತದಂತ. ಮೊಬೈಲಿನ್ಯಾಗ ನೋಡ್ದೆ. ಹಿಡಿ ತಂಗಿ, ತಿನ್ನು."

"ಇದು ತಿಂದ್ರ ಏನ್ ಆಗ್ತದ್ರಿ ಮೇಡಂ?"

"ಏನ್ ಆಗಲ್ಲ ಅದು ಕೇಳು. ಹಲ್ಲಿಗಿ ಛಲೋ, ಹೊಟ್ಟಿಗಿ ಛಲೋ, ಎದಿಗಿ ಛಲೋ. ಹೆಣ್ಣಮಕ್ಕಳಿಗಿ ಒಂದಕ್ಕ ಹೋಗದ್ರಾಗ ಉರಿ ಆಗ್ತದಲ, ಅದಕ್ಕಂತೂ ಭಾಳ ಛಲೋ."

ಮೈದಾನದ ಆ ಕೊನೆಗೆ ಕೇಳಿಸುವ ದನಿ ಅವರದು. ಬಸ್ಸಿಗೆಂದು ಬೇರೆ ದನಿ ಇಟ್ಟುಕೊಂಡಿರಲಿಲ್ಲ. ಮುಂದಿನ ಸೀಟಿನ ಗಂಡಸರೆಲ್ಲ ಒಟ್ಟಿಗೆ ಕಿಟಕಿಯಾಚೆಯ ತೊಗರಿ ಹೊಲ ನೋಡತೊಡಗಿದರು. ನಾವು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆವು. ಆದರೆ ಹಣ್ಣಿಗೆ ಕೈ ಚಾಚದವರು ಒಬ್ಬರೂ ಇರಲಿಲ್ಲ. ಸಿಹಿ, ಆಮೇಲೆ ಸ್ವಲ್ಪ ಹುಳಿ, ಕೊನೆಗೆ ಗಂಟಲಲ್ಲಿ ಚೂರು ಒಗರು. ಅಮೇರಿಕಾದ್ದೆಂದ ಮೇಲೆ ರುಚಿ ಇನ್ನೂ ಹೆಚ್ಚೇ ಆಗಿತ್ತು.

ಮೇಡಮರ ಶರತ್ತು ಒಂದಿತ್ತು. ಹಣ್ಣು ತಿಂದವರು ಅವರ ಕಣ್ಣೆದುರೇ ನೀರು ಕುಡಿಯಬೇಕು. "ಒಣಾ ಹಣ್ಣು ಅದ. ನೀರಿಲ್ದ ತಿಂದ್ರ ಗುಣಾ ಹತ್ತಂಗಿಲ್ಲ." ನಾಲಿಗೆ ಒದ್ದೆ ಮಾಡಿಕೊಂಡು ಬಾಟಲಿ ಮುಚ್ಚುವವರಿಗೆ ಸಣ್ಣದೊಂದು ಸೀಟಿ ಬೀಳುತ್ತಿತ್ತು. ಒಮ್ಮೆ ಆ ಸೀಟಿ ಕೇಳಿ ಡ್ರೈವರ್ ಬಸ್ಸನ್ನೇ ನಿಲ್ಲಿಸಿಬಿಟ್ಟ. ಕಂಡಕ್ಟರ್ ಬಂದು ಕೈ ಮುಗಿದ. "ಮೇಡಂ, ನನ್ನ ಸೀಟಿಗಿ ನಿಂದರದ ಡ್ರೈವರ್ ನಿಮ್ಮ ಸೀಟಿಗಿ ನಿಂತಾನ್ರಿ. ನನ್ನ ನೌಕರಿ ನೀವೇ ಮಾಡ್ರಿ." ಅವನಿಗೂ ಹಣ್ಣು ಸಿಕ್ಕಿತು, ನೀರೂ ಸಿಕ್ಕಿತು.

ಕುಡಿದ ಮೇಲೆ ಹೋಗುವುದೆಲ್ಲಿ? ಅದಕ್ಕೂ ಮೇಡಮರು ದಾರಿ ಮಾಡಿದ್ದರು. ಶಾಲೆಯ ಗೋಡೆಗೆ ಹತ್ತಿಕೊಂಡು ಬಿಸಿಯೂಟ ಮಾಡುವ ಅಮ್ಮನ ಮನೆ. ಆಕೆಯ ಹಿತ್ತಲಲ್ಲಿ ಬಾಗಿಲಿದ್ದ ಪಾಯಖಾನೆ. ಸಣ್ಣ ಬಿಡುವಿನಲ್ಲಿ ಮೇಡಮರು ಮುಂದೆ, ನಾವು ಹಿಂದೆ. ಮೊದಲ ದಿನ ಹೆಡ್‌ಮಾಸ್ತರರು ವರಾಂಡದಲ್ಲಿ ನಿಂತು ನಗುತ್ತ ಕೇಳಿದರು.

"ಎಲ್ಲಿಗಿ ಹೊಂಟದ್ರಿ ಭಜನಿ ದಿಂಡಿ? ಪಂಢರಪುರಕ?"

"ಒಂದಕ್ಕ ಹೊಂಟೀವ್ರಿ ಸರ್. ನಿಮಗ ಬರಲಾಕ ಆಗಂಗಿಲ್ಲ, ಕೂಡ್ರಿ."

ಅವರು ಮತ್ತೆ ಯಾವತ್ತೂ ಕೇಳಲಿಲ್ಲ. ಆದರೆ ಆ ಮನೆಯ ಬಾಗಿಲಿಗೆ ಕೀಲಿ ಬಿದ್ದ ದಿನ ನಮ್ಮ ಬಾಟಲಿಗಳು ಮತ್ತೆ ತುಂಬಿಯೇ ವಾಪಸ್ಸು ಬರುತ್ತಿದ್ದವು. ಆಕೆ ಮಗಳ ಬಾಣಂತನಕ್ಕೆಂದು ಕಮಠಾಣಕ್ಕೆ ಹೋದ ತಿಂಗಳಂತೂ ನಾವು ಹಣ್ಣು ತಿಂದು, ನೀರು ಕುಡಿದಂತೆ ಮಾಡಿ, ಮೇಡಮರ ಕಣ್ಣು ತಪ್ಪಿಸುತ್ತಿದ್ದೆವು.

ಅದೇ ತಿಂಗಳು ನನಗೆ ಉರಿ ಶುರುವಾಯಿತು. ಆಗ ನಾನು ಐದು ತಿಂಗಳ ಗರ್ಭಿಣಿ. ಅತ್ತೆಗೆ ಹೇಳಿದೆ. "ಉಷ್ಣ ಆಗ್ಯಾದವ್ವ, ಬಸುರ್ಯಾರಿಗಿ ಆಗೇ ಆಗ್ತದ" ಎಂದು ಸಬ್ಜಾ ಬೀಜ ನೆನೆಸಿ ಕೊಟ್ಟರು, ಮಜ್ಜಿಗೆಗೆ ಜೀರಿಗೆ ಹಾಕಿ ಕೊಟ್ಟರು. ಅವರ ಪ್ರೀತಿಗೇನೂ ಕೊರತೆ ಇರಲಿಲ್ಲ. ಹೊಟ್ಟೆಯಲ್ಲಿ ಕೂಸಿರುವಾಗ ಗುಳಿಗೆ ನುಂಗಲು ನನಗೆ ಭಯ. ಹಣ್ಣಾದರೆ ಏನೂ ಮಾಡುವುದಿಲ್ಲ, ಅದೂ ಮೇಡಮರ ಹಣ್ಣು. ಬಸ್ಸಿನಲ್ಲಿ ಡಬ್ಬಿ ನನ್ನ ಕಡೆ ಬಂದಾಗ ಬೊಗಸೆ ತುಂಬ ತೆಗೆದುಕೊಳ್ಳತೊಡಗಿದೆ. ಕೇಳಿದರೆ ಬಯಕೆ ಎನ್ನುತ್ತಿದ್ದೆ. ಬಸುರಿಯ ಬಯಕೆಯೆಂದರೆ ಯಾರೂ ಎದುರಾಡುವುದಿಲ್ಲ.

ಮೂರು ನಾಲ್ಕು ದಿನ ನೋಡಿದ ಮೇಡಮರು ಒಂದು ಬೆಳಿಗ್ಗೆ ಡಬ್ಬಿ ಕೊಡಲೇ ಇಲ್ಲ. ನನ್ನ ಪಕ್ಕದವರನ್ನು ಎಬ್ಬಿಸಿ ತಾವು ಕೂತರು. ಜೀವನದಲ್ಲಿ ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

"ಬಯಕಿ ಅಲ್ಲ ಇದು. ಉರಿ ಅದ?"

ನಾನು ತಲೆಯಾಡಿಸಿದೆ.

"ಬೆನ್ನ ನೋಯ್ತದ?"

"ರಾತ್ರಿ ಹಿಡ್ದು ನೋಯ್ಲತ್ತದ್ರಿ. ಚಳಿ ಬಂದಂಗ ಆಗ್ಲತ್ತದ."

ಅವರು ನನ್ನ ಹಣೆ ಮುಟ್ಟಿ ನೋಡಿದರು. ಆಮೇಲೆ ಎದ್ದು ನಿಂತು, ಇಡೀ ಬಸ್ಸು ಬೆಚ್ಚಿ ಬೀಳುವಂತೆ ಸೀಟಿ ಊದಿದರು. ಸೇತುವೆ ಆಗಷ್ಟೇ ದಾಟಿದ್ದೆವು. ಬಸ್ಸು ನಿಂತಿತು. ನನ್ನನ್ನು ಇಳಿಸಿ, ರಸ್ತೆ ಬದಿಯ ಬೇವಿನ ಮರದ ಕೆಳಗೆ ಕೂರಿಸಿ, ತಾವು ಬಿಳಿ ಬೂಟಿನಲ್ಲಿ ರಸ್ತೆಯ ನಡುವೆ ಕೈ ಎತ್ತಿ ನಿಂತರು. ಬೀದರಿಗೆ ಹೋಗುತ್ತಿದ್ದ ಬಸ್ಸು ಅಲ್ಲಿ ನಿಲ್ಲುವಂಥದ್ದಲ್ಲ, ನಿಂತಿತು. ದಾರಿಯುದ್ದಕ್ಕೂ ಅವರು ನನ್ನ ಕೈ ಬಿಡಲಿಲ್ಲ. ಅವರ ಅಂಗೈ ಒದ್ದೆಯಾಗಿತ್ತು. ಮೇಡಮರಿಗೂ ಹೆದರಿಕೆಯಾಗುತ್ತದೆಂದು ನನಗೆ ಗೊತ್ತಾದದ್ದು ಆಗಲೇ.

ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಕಡೆಯವರೇ. ಮೂತ್ರ ಪರೀಕ್ಷೆ ಮಾಡಿಸಿ, ಬೆನ್ನು ತಟ್ಟಿ ನೋಡಿ ಹೇಳಿದರು. "ಸೋಂಕು ಮ್ಯಾಲ ಮೂತ್ರಪಿಂಡಕ್ಕ ಏರ್ಯಾದ. ಅಡ್ಮಿಟ್ ಆಗ್ಬೇಕು. ಇನ್ನಾ ತಡಾ ಮಾಡಿದ್ರ ಕೂಸಿಗಿ ಕಷ್ಟ ಇತ್ತು." ಬಸುರಿಯರಿಗೆ ಕೊಡಬಹುದಾದ ಔಷಧವೇ ಇದೆ, ಹೆದರಬೇಡ ಎಂದರು. ಇಷ್ಟು ದಿನ ಏನು ಮಾಡಿದೆ ಎಂದು ಕೇಳಿದಾಗ ನಾನು ಹಣ್ಣಿನ ಹೆಸರು ಹೇಳಿದೆ. ಮೇಡಮರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

ಡಾಕ್ಟರಮ್ಮ ಒಂದು ಹಣ್ಣು ಎತ್ತಿಕೊಂಡರು, ಉಗುರಿನಿಂದ ಸೀಳಿದರು, ಬೆರಳಿಗೆ ಹತ್ತಿದ ಬಣ್ಣ ನೋಡಿದರು. ನಗು ತಡೆದುಕೊಂಡು ಹೇಳಿದರು.

"ಮೇಡಂ, ಇದು ಅಮೇರಿಕಾದ್ದಲ್ರಿ. ನಮ್ಮ ಕವಳಿಕಾಯಿ. ಅಡವ್ಯಾಗ ಮುಳ್ಳಿನ ಕಂಟ್ಯಾಗ ಬೆಳಿತದಲ, ಅದೇ. ಸಕ್ರಿ ಪಾಕದಾಗ ಹಾಕಿ, ಬಣ್ಣಾ ಕೊಟ್ಟು, ಒಣಗಿಸ್ಯಾರ."

ಮೇಡಮರ ಮುಖ ಆಗ ನೋಡಬೇಕಿತ್ತು. ಭಾಲ್ಕಿಯ ಬಂಜರಿನಲ್ಲಿ ಲಂಗ ಹರಿದುಕೊಂಡು ಆ ಕಾಯಿ ಕಿತ್ತು ತಿಂದು ಬೆಳೆದವರು ಅವರು. ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ಮಗುಚಿ ಮಗುಚಿ ನೋಡಿದರು.

"ಖರೇ ಹಣ್ಣು ಇದ್ದಿದ್ರ ಇಕಿಗಿ ಕಡಿಮಿ ಆಗ್ತಿತ್ತೇನ್ರಿ?"

"ಇಲ್ರಿ. ಖರೇ ಹಣ್ಣಿನ್ಯಾಗ ಗುಣ ಅದ. ರೋಗಾಣು ಒಳಗ ಅಂಟಕೊಂಡು ಕೂಡದಂಗ ಮಾಡ್ತದ. ಪದೇ ಪದೇ ಸೋಂಕು ಆಗೋರಿಗಿ ಸ್ವಲ್ಪ ಕಡಿಮಿ ಆಗಬಹುದು, ಎಲ್ಲಾರಿಗೂ ಅಂತಲೂ ಹೇಳಂಗಿಲ್ಲ. ಆದ್ರ ಅದು ಬಾಗಿಲಿಗಿ ಅಗಳಿ ಹಾಕಿದಂಗ ನೋಡ್ರಿ. ಕಳ್ಳ ಒಳಗ ಬಂದು ಕುಂತ ಮ್ಯಾಲ ಅಗಳಿ ಹಾಕಿ ಏನ್ ಮಾಡ್ತೀರಿ? ಉರಿ, ಜ್ವರ ಅಂದ ಕೂಡ್ಲೆ ಇಲ್ಲಿಗಿ ಬರಬೇಕು. ಅಂಗಡ್ಯಾಗ ಸಿಗೋ ಒಣಾ ಹಣ್ಣಿಗಿ ಸಕ್ರಿ ಬ್ಯಾರೆ ಹಾಕಿರ್ತಾರ, ಹಿಡಿಗಟ್ಲೆ ತಿನ್ನೋದಲ್ಲ."

"ಮತ್ತ ನಮ್ಮ ಬಸ್ಸಿನ ಹೆಣ್ಣಮಕ್ಕಳು ಉರಿ ಕಡಿಮಿ ಆಗ್ಯಾದ ಅಂತಿದ್ರಲ?"

"ಹಣ್ಣಿನ ಜೋಡಿ ಏನ್ ಕೊಡ್ತಿದ್ರಿ?"

"ನೀರು."

"ಅದರಲೆ ಕಡಿಮಿ ಆಗ್ಯಾದ್ರಿ."

ವಾರ್ಡಿನಲ್ಲಿ ಸಲಾಯನ್ ಹಾಕಿ ಮಲಗಿಸಿದರು. ಗಂಡ, ಅತ್ತೆ ಬರುವತನಕ ಮೇಡಮರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಬೂಟು ಬಿಚ್ಚಿ ಬಾಗಿಲ ಹೊರಗೆ ಇಟ್ಟಿದ್ದರು. ಬರಿಗಾಲಿನ ಮೇಡಮರನ್ನು ನಾನು ಅದೇ ಮೊದಲು ಕಂಡದ್ದು. ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು.

"ನನಗೂ ಐದನೇ ತಿಂಗಳೇ ಇತ್ತು. ಹೊಸಾ ನೌಕರಿ. ದಿನಾ ನೀರ್ ಕುಡಿಲಾರದೇ ಸಾಲಿಗಿ ಹೋಗ್ತಿದ್ದೆ. ಉರಿ ಅಂದೆ, ಉಷ್ಣ ಅಂದ್ರು. ಜ್ವರ ಬಂತು, ಉಷ್ಣ ಅಂದ್ರು. ಕೂಸು ಹೋದ ಮ್ಯಾಲ ಡಾಕ್ಟರ್ ಹೇಳ್ದ, ಉಷ್ಣ ಅಲ್ಲಂತ. ಆಮ್ಯಾಲ ಮತ್ತ ಬಸುರ ನಿಂದರಲಿಲ್ಲ."

ಸಲಾಯನ್ ಇಲ್ಲದ ಕೈಯನ್ನು ಚಾಚಿದೆ. ಹಿಡಿದುಕೊಂಡರು.

"ನೀರ್ ಕುಡಿರಿ ಅಂತ ಬರೇ ಬಾಯಲೆ ಹೇಳಿದ್ರ ಯಾರ್ ಕುಡಿತಿದ್ರವ್ವ? ಹಣ್ಣಿನ ಆಸಿ ಹಚ್ಚಿದೆ. ಹಣ್ಣು ಸುಳ್ಳಾತು. ನೀರ್ ಖರೇ ಇತ್ತು, ಅಷ್ಟ್ ಉಳೀತು." ಸೊಂಟದ ಕೀಲಿ ಮುಟ್ಟಿಕೊಂಡರು. "ಆದ್ರ ಕುಡಿರಿ ಕುಡಿರಿ ಅಂತ ಬೆನ್ನ ಹತ್ತಿದವಳು, ಹೋಗೋ ಜಾಗದಾಗ ನೆಟ್ಟು ತುಂಬಿ ಕೀಲಿ ಹಾಕಿಟ್ಟೀನಲ. ನನ್ನ ತಲಿಗಿ ಏನಾಗಿತ್ತು?"

ಮುಂದೆ ನಡೆದದ್ದನ್ನು ಆಸ್ಪತ್ರೆಗೆ ನೋಡಲು ಬಂದ ಗೆಳತಿಯರು ಸರದಿಯಂತೆ ಹೇಳಿದರು. ಮರುದಿನ ಬಸ್ಸಿನಲ್ಲಿ ಮೇಡಮರು ಎದ್ದು ನಿಂತು, ಇಷ್ಟು ದಿನ ನಿಮಗೆ ತಿನ್ನಿಸಿದ್ದು ಬಣ್ಣ ಹಾಕಿದ ಕವಳಿಕಾಯಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರಂತೆ. ಡಾಕ್ಟರಮ್ಮನ ಮಾತನ್ನೂ ಒಂದೂ ಬಿಡದೆ ಒಪ್ಪಿಸಿದರಂತೆ. ಶಾಲೆಗೆ ಬಂದವರೇ ಸೆರಗು ಸೊಂಟಕ್ಕೆ ಕಟ್ಟಿ ಆಟದ ಕೋಣೆಯ ಬೀಗ ತೆಗೆದರು. ನೆಟ್ಟು, ಕಂಬ, ಸುಣ್ಣದ ಚೀಲ ಎಲ್ಲವನ್ನೂ ಹೊತ್ತು ಹೊತ್ತು ಹೆಡ್‌ಮಾಸ್ತರರ ಕೋಣೆಗೆ ಹಾಕಿದರು.

"ಇದು ಆಫೀಸದ್ರಿ ಮೇಡಂ. ಇಲ್ಲಿ ಹ್ಯಾಂಗ ಇಡ್ತೀರಿ?"

"ಅದು ಪಾಯಖಾನಿ ಇತ್ರಿ ಸರ್. ಅಲ್ಲಿ ಹ್ಯಾಂಗ ಇಟ್ಟಿದ್ವಿ?"

ನಾನು ರಜೆ ಮುಗಿಸಿ ಹೋದಾಗಲೂ ಹೆಡ್‌ಮಾಸ್ತರರು ಸುಣ್ಣದ ಚೀಲಗಳ ನಡುವೆಯೇ ಕೂತು ಸಹಿ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ, ಸುಣ್ಣಕ್ಕೆ ಸೀನುವುದು ಮಾತ್ರ ಜಾಸ್ತಿ. ಸೀನುತ್ತಲೇ ಪಂಚಾಯಿತಿಗೆ ತಾವೇ ಓಡಾಡಿ ಪಾಯಖಾನೆಗೆ ನಲ್ಲಿ ಹಾಕಿಸಿದರು. ಆಮೇಲೆ ಹುಡುಗಿಯರಿಗೂ ಬೇರೆ ಕಟ್ಟಿಸಿದರು. ಅಂದಿನಿಂದ ಪ್ರಾರ್ಥನೆ ಮುಗಿದ ಮೇಲೆ ಒಂದು ಸೀಟಿ, ಊಟದ ಬಿಡುವಿಗೆ ಒಂದು ಸೀಟಿ. ಸೀಟಿ ಬಿದ್ದರೆ ಎಲ್ಲರೂ ನೀರು ಕುಡಿಯಬೇಕು, ಹೆಡ್‌ಮಾಸ್ತರರೂ.

ಆ ಹಣ್ಣು ಮಾರಿದ ಅಂಗಡಿಯವರ ಬಳಿ ಮೇಡಮರು ಜಗಳಕ್ಕೆಂದೇ ಹೋಗಿದ್ದರು. ಅಂಗಡಿಯವರು ತಾವೇ ಒಂದು ತಿಂದು ನೋಡಿ ಪೆಚ್ಚಾದರು. "ಹೈದರಾಬಾದಿನಿಂದ ಇದೇ ಹೆಸರಲೆ ಬಂದದ್ರಿ ಮೇಡಂ. ಅಲ್ಲಾ ಕಸಂ, ನಾ ಬೀ ಅಮೇರಿಕಾದ್ದೇ ತಿಳ್ದಿದ್ದೆ." ಅದರ ಮೇಲೆ ಇಬ್ಬರೂ ಚಹಾ ಕುಡಿದರು. ಮುಂದೆ ನಿಜವಾದ ಹಣ್ಣು ಬಂತು. ನಿಜವಾದದ್ದು ಸುಕ್ಕು ಸುಕ್ಕಾಗಿ, ಕಪ್ಪು ಕೆಂಪಾಗಿ, ನೋಡಲು ಕವಳಿಯಷ್ಟು ಚೆಂದ ಇರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ಮೊದಲಿನದೇ ಹೆಚ್ಚು ರುಚಿಯಾಗಿತ್ತು ಎಂದರು.

ನನಗೆ ಮಗಳು ಹುಟ್ಟಿದಳು. ತೊಟ್ಟಿಲ ದಿನ ಮೇಡಮರು ಬಂದರು. ಬಾಗಿಲಲ್ಲಿ ಬೂಟು ಬಿಚ್ಚುವುದಕ್ಕೇ ಅಷ್ಟು ಹೊತ್ತು ಮಾಡಿದರು. ಕೂಸನ್ನು ಅವರ ತೊಡೆಯ ಮೇಲಿಟ್ಟೆ. ಹೆಂಗಸರು ಜೋಗುಳ ಹೇಳುತ್ತಿದ್ದರು, ಊಟಕ್ಕೆ ಕರೆಯುತ್ತಿದ್ದರು, ಇವರು ಏಳಲಿಲ್ಲ. ಕೂಸಿನ ಪಾದವನ್ನು ಎರಡು ಬೆರಳಲ್ಲಿ ಹಿಡಿದು ಕೂತಿದ್ದರು. ಅತ್ತೆ ಬಂದು ಅವರ ಪಕ್ಕದಲ್ಲಿ ಕೂತು, "ನಾ ಉಷ್ಣ ಅಂದಿದ್ನ್ರಿ ಮೇಡಂ" ಎಂದು ಕಣ್ಣೊರೆಸಿಕೊಂಡರು. ಮೇಡಮರು ಅವರ ಬೆನ್ನ ಮೇಲೆ ಕೈಯಿಟ್ಟರು. "ನಮ್ಮ ಅವ್ವನೂ ಅದೇ ಅಂದಿದ್ದಳ್ರಿ. ಆಕಿಗೂ ನನ್ನ ಮ್ಯಾಲ ಭಾಳ ಜೀವ ಇತ್ತು."

ನಿವೃತ್ತಿಯಾದ ಮೇಲೆ ಅವರು ಭಾಲ್ಕಿಗೆ ಹೋಗಿ ತಮ್ಮನ ಮನೆಯಲ್ಲಿದ್ದರು. ಬಸ್ಸಿನ ಡಬ್ಬಿ ನನ್ನ ಕೈಗೆ ಬಂತು. ವರ್ಷಕ್ಕೆ ಒಂದೆರಡು ಸಲ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಕೊನೆಕೊನೆಗೆ ಹೃದಯದ ಕವಾಟದ ತೊಂದರೆಯೆಂದು ರಕ್ತ ತೆಳುವಾಗಿಸುವ ಗುಳಿಗೆ ಶುರುವಾಗಿತ್ತು. ನಾನು ಒಳ್ಳೆಯ ಕ್ರ್ಯಾನ್‌ಬೆರಿ ಹುಡುಕಿ ತೆಗೆದುಕೊಂಡು ಹೋದರೆ ಪೊಟ್ಟಣವನ್ನು ಮೂಸಿ ನೋಡಿ ನನ್ನ ಮಗಳ ಕೈಗೆ ಕೊಟ್ಟರು.

"ಈ ಗುಳಿಗಿ ಜೋಡಿ ಇದು ಹೊಂದಂಗಿಲ್ಲಂತ. ಡಾಕ್ಟರ್ ಬ್ಯಾಡ ಅಂದಾರ. ನೋಡು ತಂಗಿ, ಸುಳ್ಳು ಹಣ್ಣು ಹೊಟ್ಟಿ ತುಂಬ ತಿಂದೆ. ಖರೇದು ಬರೋ ಹೊತ್ತಿಗಿ ನನಗೇ ತಿನ್ನಲಾಕ ಬಂದಿ." ಹೇಳಿ ಬಹಳ ಹೊತ್ತು ನಕ್ಕರು. ನಾನು ನಗಲಾರದೆ ಅವರ ಮುಖ ನೋಡುತ್ತಿದ್ದೆ. ಬಹಳ ಇಳಿದಿದ್ದರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಔರಾದ್ ಬಸ್ಸಿನ ನಾವೆಲ್ಲ ಒಂದು ಕ್ರೂಸರ್ ಜೀಪು ಮಾಡಿಕೊಂಡು ಭಾಲ್ಕಿಗೆ ಹೋದೆವು. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಲ್ಲಿ ಕರಡಿಗೆ ಇತ್ತು, ಸೀಟಿ ಇರಲಿಲ್ಲ. ಬೂಟುಗಳನ್ನು ಯಾರೋ ಪಡಸಾಲೆಯ ಮೂಲೆಯಲ್ಲಿ ಜೋಡಿಸಿಟ್ಟಿದ್ದರು, ಸೀಮೆಸುಣ್ಣ ತಿಕ್ಕಿ ಒಣಗಿಸಿದ್ದು ಹಾಗೇ ಇತ್ತು. ಅದನ್ನು ನೋಡಿ ನನಗೆ ಅಳು ಬಂತು. ಅವರ ತಮ್ಮನ ಹೆಂಡತಿ ತಂಬಿಗೆಯಲ್ಲಿ ನೀರು ತಂದಳು. ಸಾವಿನ ಮನೆಯಲ್ಲಿ ಎರಡು ಗುಟುಕು ಕುಡಿದು ಕೆಳಗಿಡುವುದು ರೂಢಿ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೂರ್ತಿ ಕುಡಿದೆವು. ಆಕೆ ಮತ್ತೆ ತುಂಬಿ ತರಬೇಕಾಯಿತು.

ನನ್ನ ಮಗಳು ಈಗ ಬೀದರಿನ ಶಾಲೆಗೆ ಹೋಗುತ್ತಾಳೆ. ಸಂಜೆ ಬಂದು ಬ್ಯಾಗು ಎಸೆದು ಆಟಕ್ಕೆ ಓಡುವವಳು. ನಾನು ಬಸ್ಸಿಳಿದು ಮನೆಗೆ ಬಂದ ಕೂಡಲೇ ಮೊದಲು ಆ ಬ್ಯಾಗು ತೆರೆದು ಅವಳ ನೀರಿನ ಬಾಟಲಿ ಎತ್ತಿ ನೋಡುತ್ತೇನೆ.

"ದಿನಾ ಏನ್ ನೋಡ್ತಿ ಮಮ್ಮಿ ಅದ್ರಾಗ?" ಎಂದು ಮೊನ್ನೆ ಕೇಳಿದಳು.

"ಏನಿಲ್ಲ" ಎಂದೆ. ಬಾಟಲಿ ಖಾಲಿಯಾಗಿತ್ತು.